ಕರಿಮಡ್ಡಿಯಲ್ಲಿ ಕಾಣದ ದ್ರವ್ಯ

ಬೈಲಹೊಂಗಲದ ಬಜಾರದಲ್ಲಿ ನನ್ನದೊಂದು ಸಣ್ಣ ಅಚ್ಚುಕೂಟವಿತ್ತು. ಮದುವೆಯ ಕಾರ್ಡು, ನಾಟಕದ ಹ್ಯಾಂಡ್‌ಬಿಲ್ಲು, ಅಡತಿ ಅಂಗಡಿಯ ಪಾವತಿ ಪುಸ್ತಕ, ತೀರಿಕೊಂಡವರ ಪುಣ್ಯತಿಥಿಯ ಪತ್ರ ಇವೇ ನನ್ನ ಕೆಲಸ. ನಾನು ಕಲಿತದ್ದು ಏಳನೆಯ ಇಯತ್ತೆ. ಆದರೆ ಅಕ್ಷರಗಳನ್ನು ಬಲದಿಂದ ಎಡಕ್ಕೂ ಓದಬಲ್ಲೆ, ಜನರನ್ನೂ ಒಂದಿಷ್ಟು ಓದಬಲ್ಲೆ. ಯಾವ ಮನೆಯಲ್ಲಿ ಅಣ್ಣತಮ್ಮಂದಿರ ಮಾತು ನಿಂತಿದೆ ಎಂಬುದು ಮದುವೆಯ ಕಾರ್ಡಿನಿಂದ ಹೆಸರು ತೆಗೆಸಲು ಬಂದಾಗಲೇ ನನಗೆ ಗೊತ್ತಾಗುತ್ತಿತ್ತು.

ಕರಿಮಡ್ಡಿಯ ಸಂಗಪ್ಪನ ಮನೆಯ ಸಂಗತಿಯೂ ಹಾಗೇ ಗೊತ್ತಾದದ್ದು. ಅವನ ಅಣ್ಣ ಶಂಕರೆಪ್ಪ ತನ್ನ ಮಗನ ಮದುವೆಯ ಕಾರ್ಡಿನಲ್ಲಿ ‘ಸುಖಾಗಮನ ಬಯಸುವವರು’ ಎಂಬ ಸಾಲಿನಿಂದ ತಮ್ಮನ ಹೆಸರನ್ನು ತೆಗೆಸಿದ್ದ. ಅಷ್ಟು ಹೊತ್ತಿಗೆ ಮನೆ ಭಾಗವಾಗಿ ನಡುವೆ ಗೋಡೆ ಎದ್ದಿತ್ತು. ಅಂಗಳದಲ್ಲಿ ಅಜ್ಜಮುತ್ಯಾನ ಕಾಲದ ಒಂದು ಹಗೇವು ಇತ್ತು. ಹಗೇವು ಎಂದರೆ ಜೋಳ ತುಂಬಿಡುವ ನೆಲದ ಕಣಜ, ಮೇಲೆ ಕಲ್ಲಿನ ಮುಚ್ಚಳ. ಚೀಟಿ ಎತ್ತಿದಾಗ ಅದು ಸಂಗಪ್ಪನ ಪಾಲಿಗೆ ಬಂತು. ಶಂಕರೆಪ್ಪನ ಪಾಲಿಗೆ ಬಾವಿ ಬಂತು. ಬಾವಿ ಬಂದವನು ಹಗೇವಿಗಾಗಿ ಹದಿನೈದು ವರ್ಷ ಮುಖ ಗಂಟು ಹಾಕಿಕೊಂಡ.

೨೦೦೩ನೆಯ ಇಸವಿ ಜುಲೈ ತಿಂಗಳಲ್ಲಿ ಸಂಗಪ್ಪ ತನ್ನ ಮಗಳು ಶೈಲಜಾಳನ್ನು ಕರೆದುಕೊಂಡು ನನ್ನ ಅಚ್ಚುಕೂಟಕ್ಕೆ ಬಂದ. ಹುಡುಗಿ ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿದ್ದಳು. ಪುಣೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಜಾಗ ಸಿಕ್ಕಿತ್ತು. ಆಗಸ್ಟ್ ಒಂದಕ್ಕೆ ಹಾಜರಾಗಬೇಕು. ಹೋಗುವಾಗ ಎಲ್ಲ ಮಾರ್ಕ್ಸ್ ಕಾರ್ಡುಗಳ ಜೊತೆಗೆ, ಇವಳ ಮೇಲೆ ಯಾವ ದೂರೂ ಇಲ್ಲ ಎಂಬ ಪೊಲೀಸರ ಕಾಗದವನ್ನೂ ಒಯ್ಯಬೇಕು. ಕಾಗದ ಇಲ್ಲದಿದ್ದರೆ ಜಾಗ ಮುಂದಿನವರಿಗೆ. ಹಾಗೆಂದು ಅವರು ಪತ್ರದಲ್ಲೇ ಬರೆದಿದ್ದರು.

ಊರಿನ ಯುವಕ ಸಂಘದವರು ಅವಳಿಗೆ ಶಾಲು ಹೊದಿಸುವುದೆಂದೂ, ಅವಳು ತಾನು ಕಲಿಯಲಿರುವುದರ ಬಗ್ಗೆ ಅರ್ಧ ತಾಸು ಮಾತನಾಡುವುದೆಂದೂ ಗೊತ್ತಾಗಿತ್ತು. ಹ್ಯಾಂಡ್‌ಬಿಲ್ಲು ಬೇಕಿತ್ತು. ಅವಳು ಬರೆದು ತಂದ ಸಾಲು ಇಷ್ಟು: ‘ವಿಶ್ವದಲ್ಲಿ ಕಾಣದ ದ್ರವ್ಯ: ಎಲ್ಲಿದೆ? ಎಷ್ಟಿದೆ?’

ನಮ್ಮ ಕಡೆ ದ್ರವ್ಯ ಎಂದರೆ ಹುಗಿದಿಟ್ಟ ಬಂಗಾರ. ಶೈಲಜಾ ಓದಿದ ಪುಸ್ತಕಗಳಲ್ಲಿ ದ್ರವ್ಯ ಎಂದರೆ ಕಲ್ಲು, ಮಣ್ಣು, ನೀರು, ಎಮ್ಮೆ, ನೀವು, ನಾನು. ಆ ಪುಸ್ತಕ ಬರೆದವರು ಈ ಕಡೆಯವರಲ್ಲ ಎಂದು ಕಾಣುತ್ತದೆ.

ನನಗೂ ಆಗ ಅದು ಹೊಳೆಯಲಿಲ್ಲ. ದೊಡ್ಡ ಅಕ್ಷರದ ಅಚ್ಚುಮೊಳೆಗಳಲ್ಲಿ ವಕಾರದ ಒತ್ತು ಸವೆದು ಹೋಗಿತ್ತು. ಅದನ್ನು ಹಾಕಿದರೆ ‘ವಿಶ್ವ’ ಎಂಬುದು ‘ವಿಶ’ ಎಂದು ಮೂಡುತ್ತಿತ್ತು. ಓದುವವರು ವಿಷ ಎಂದುಕೊಳ್ಳಬಾರದು ಎಂದು ಆ ಶಬ್ದವನ್ನೇ ಬಿಟ್ಟೆ. ನಾಟಕದ ಹ್ಯಾಂಡ್‌ಬಿಲ್ಲಿನಲ್ಲಿ ಯಾವಾಗಲೂ ಮೇಲೆ ಊರಿನ ಹೆಸರು ಬರುತ್ತದೆ. ಆ ರೂಢಿಯಂತೆ ಇಲ್ಲೂ ಹಾಕಿದೆ. ಕೆಳಗೆ ಎರಡು ಇಂಚು ಜಾಗ ಉಳಿಯಿತು. ನನ್ನಲ್ಲಿ ಇದ್ದ ಚಿತ್ರದ ಬ್ಲಾಕುಗಳು ನಾಲ್ಕು: ಗಣಪತಿ, ಬಸವಣ್ಣ, ಕೈಹಿಡಿದ ವಧೂವರರು, ಕಲಶ. ಇವುಗಳಲ್ಲಿ ವಿಜ್ಞಾನಕ್ಕೆ ಹತ್ತಿರವಾದದ್ದು ಕಲಶ ಎಂದು ನನಗನಿಸಿತು.

ಹೀಗೆ ಐದುನೂರು ಪ್ರತಿ ಹೊರಬಿದ್ದವು:

‘ಕರಿಮಡ್ಡಿಯಲ್ಲಿ
ಕಾಣದ ದ್ರವ್ಯ
ಎಲ್ಲಿದೆ? ಎಷ್ಟಿದೆ?
ಕು. ಶೈಲಜಾ ಸಂಗಪ್ಪ, ಎಂ.ಎಸ್ಸಿ. ಇವರು ತಿಳಿಸುತ್ತಾರೆ
ಎಲ್ಲರೂ ಬರ್ರಿ’

ಅದರ ಕೆಳಗೆ ತುಂಬಿದ ಕೊಡ.

ಭಾನುವಾರ ಮಧ್ಯಾಹ್ನ ನಾನೂ ಹೋಗಿದ್ದೆ. ಹಳ್ಳಿಯಲ್ಲಿ ವಿಜ್ಞಾನದ ಭಾಷಣಕ್ಕೆ ಇಪ್ಪತ್ತು ಜನ ಬಂದರೆ ಹೆಚ್ಚು. ಅಂದು ಶಾಲೆಯ ಅಂಗಳ ತುಂಬಿ ಹೊರಗೆ ಬೇವಿನ ಗಿಡದ ಕೆಳಗೂ ಜನ ನಿಂತಿದ್ದರು. ಯರಗಟ್ಟಿಯವರು ಟ್ರ್ಯಾಕ್ಸ್ ಜೀಪು ಬಾಡಿಗೆ ಮಾಡಿಕೊಂಡು ಬಂದಿದ್ದರು. ರಾಮದುರ್ಗದವರು ಇಬ್ಬರು ಮೋಟರ್‌ಸೈಕಲ್ಲಿನ ಮೇಲೆ ಬಂದು ಯಾರಿಗೂ ತಮ್ಮ ಹೆಸರು ಹೇಳಿರಲಿಲ್ಲ. ಮೂರನೆಯ ಸಾಲಿನಲ್ಲಿ ಒಬ್ಬ ಹಾರೆ ಹಿಡಿದು ಕುಳಿತಿದ್ದ. ಕೇಳಿದರೆ, ‘ಹೊಲದಿಂದ ಸೀದಾ ಬಂದೇನ್ರಿ’ ಎಂದ. ಹಾರೆಗೆ ಮಣ್ಣು ಹತ್ತಿರಲಿಲ್ಲ.

ಶೈಲಜಾ ಅಷ್ಟು ಜನರನ್ನು ನೋಡಿ ಖುಷಿಯಾದಳು. ಶಾಲು ಹೊದ್ದೇ ಶುರು ಮಾಡಿದಳು.

‘ಒಂದ ಕಬ್ಬಿನ ಗಾಡಿ ಬರಾಕ ಹತ್ತೇತಿ ಅಂತ ತಿಳಕೋರಿ. ಗಾಡ್ಯಾಗ ನೋಡಿದ್ರ ನಾಕ ಜಲ್ಲಿ ಕಬ್ಬು. ಆದ್ರ ಎತ್ತಿನ ಬಾಯಾಗ ನೊರಿ ಬಂದೈತಿ, ಗಾಲಿ ನೆಲದಾಗ ಇಳದಾವ. ಆವಾಗ ಏನಂತೀರಿ?’

‘ಕಬ್ಬಿನ ಕೆಳಗ ಬ್ಯಾರೆ ಏನೋ ಐತಿ ಅಂತೀವಿ,’ ಎಂದ ಹಾರೆಯವನು.

‘ಬರೋಬ್ಬರಿ. ಆಕಾಶದಾಗ ಕೋಟಿಗಟ್ಟಲೆ ಚುಕ್ಕಿ ಸೇರಿ ಗುಂಪಾಗಿ ತಿರಗತಾವ. ಅಂಚಿನ ಮ್ಯಾಲಿನ ಚುಕ್ಕಿ ಸಾವಕಾಶ ತಿರಗಬೇಕು. ಆದ್ರ ಹಂಗ ತಿರಗೂದಿಲ್ಲ, ಒಳಗಿನವುಗಳಷ್ಟ ಜೋರ ಹೋಗತಾವ. ಅಷ್ಟ ಜೋರ ಹೋದ್ರ ಎದ್ದು ಹಾರಿ ಹೋಗಬೇಕಿತ್ತು, ಹೋಗೂದಿಲ್ಲ. ಯಾವುದೋ ಭಾರ ಅವನ್ನ ಹಿಡಕೊಂಡೈತಿ. ಆ ಭಾರ ಕಣ್ಣಿಗೆ ಕಾಣೂದಿಲ್ಲ. ಅದಕ್ಕ ನಾವು ಕಾಣದ ದ್ರವ್ಯ ಅಂತೀವಿ.’

‘ಯಾರೂ ಕಂಡಿಲ್ಲೇನವಾ?’ ಎಂದು ಹಿಂದಿನಿಂದ ಒಬ್ಬರು ಕೇಳಿದರು.

‘ಯಾರೂ ಕಂಡಿಲ್ರಿ. ಎಪ್ಪತ್ತು ವರ್ಷ ಆತು, ದೊಡ್ಡ ದೊಡ್ಡವರು ಹುಡಕಾಕ ಹತ್ಯಾರ.’

‘ಎಷ್ಟೈತಿ?’

‘ಕಾಣೂ ದ್ರವ್ಯ ಎಷ್ಟೈತೋ ಅದರ ಐದಾರ ಪಟ್ಟ.’

ಅಂಗಳದಲ್ಲಿ ಒಂದು ನಿಟ್ಟುಸಿರು ಈ ಕಡೆಯಿಂದ ಆ ಕಡೆಗೆ ಹೋಯಿತು. ಭಜನಿ ಮೇಳದ ಹಿರಿಯ ಗಂಗಪ್ಪ ಎದ್ದು ನಿಂತು, ‘ಅದು ಒಂದ ಕಡೆ ನಿಂದರತೈತೋ, ಸರೀತೈತೋ?’ ಎಂದು ಕೇಳಿದ.

‘ನಿಂದರೂದಿಲ್ರಿ ಅಜ್ಜಾ. ಗೋಡಿ, ಕಲ್ಲು, ಭೂಮಿ ಎಲ್ಲಾದರೊಳಗ ಹಾದು ಹೋಗತಿರತೈತಿ.’

ಗಂಗಪ್ಪ ಜನರ ಕಡೆ ತಿರುಗಿದ. ‘ಖರೇ ಹೇಳಾಕ ಹತ್ಯಾಳ. ದ್ರವ್ಯ ಸರೀತೈತಿ ಅಂತ ನಮ್ಮ ಮುತ್ಯಾನೂ ಹೇಳತಿದ್ದ. ಹುಡುಗಿ ಓದಿದ್ದು ಸುಳ್ಳಲ್ಲ.’

ನಾನು ಆ ಹೊತ್ತಿಗೆ ಕುರ್ಚಿಯಲ್ಲಿ ಸ್ವಲ್ಪ ಕೆಳಗೆ ಜಾರಿದ್ದೆ. ಐದು ನೂರು ಕೊಡಗಳು ಜನರ ಕಿಸೆಯಲ್ಲಿ ಮಡಚಿಕೊಂಡು ಕುಳಿತಿದ್ದುದು ಈಗ ನನಗೆ ಅರ್ಥವಾಗಿತ್ತು. ಎದ್ದು ಏನಾದರೂ ಹೇಳಬೇಕೆನ್ನುವಷ್ಟರಲ್ಲಿ ಬಾಗಿಲ ಹತ್ತಿರದಿಂದ ಶಂಕರೆಪ್ಪನ ದನಿ ಬಂತು. ತಮ್ಮನ ಮಗಳ ಜೊತೆ ಅವನು ಹದಿನೈದು ವರ್ಷಗಳಲ್ಲಿ ಆಡಿದ ಮೊದಲನೆಯ ಮಾತು ಅದು.

‘ನಮ್ಮ ಹಗೇವಿನ್ಯಾಗೂ ಐತೇನು?’

ಶೈಲಜಾಳ ಮುಖ ಅರಳಿತು. ದೊಡ್ಡಪ್ಪ ಭಾಷಣ ಕೇಳಲು ಬಂದಿದ್ದಾನೆ, ಅದೂ ಒಂದು ಪ್ರಶ್ನೆ ಕೇಳುತ್ತಿದ್ದಾನೆ.

‘ಹೌದ್ರಿ ದೊಡ್ಡಪ್ಪಾ! ಅಲ್ಲೀನೂ ಐತಿ.’

ಶಂಕರೆಪ್ಪ ಟೊಪ್ಪಿಗೆ ಸರಿ ಮಾಡಿಕೊಂಡು ಹೊರಟು ಹೋದ. ಉಳಿದವರು ಚಪ್ಪಾಳೆ ಹೊಡೆದರು.

ಮುಂದಿನ ವಾರದಲ್ಲಿ ಕರಿಮಡ್ಡಿಯ ಸುತ್ತ ಹನ್ನೊಂದು ತೆಗ್ಗು ಬಿದ್ದವು. ಒಂದರಲ್ಲಿ ಒಳ್ಳೆಯ ನೀರು ಬಂತು. ತೋಡಿದವನಿಗೆ ಬೇಜಾರಾಯಿತು.

ಇಪ್ಪತ್ತಾರನೆಯ ತಾರೀಖು ಸಂಗಪ್ಪ ಒಬ್ಬನೇ ನನ್ನ ಹತ್ತಿರ ಬಂದ. ಕೂತುಕೋ ಎಂದರೂ ಕೂಡಲಿಲ್ಲ.

‘ವೆಂಕಣ್ಣಾರ, ನಮ್ಮ ಅಣ್ಣ ಠಾಣೇಕ್ಕ ಅರ್ಜಿ ಕೊಟ್ಟಾನ. ನಮ್ಮ ಮನ್ಯಾಗ ಹಿರ್‍ಯಾರ ದ್ರವ್ಯ ಐತಿ, ಅದು ಎಲ್ಲೈತಿ ಅನ್ನೂದು ಹುಡುಗಿಗೆ ಗೊತ್ತೈತಿ, ಐದುನೂರು ಮಂದಿ ಮುಂದ ಒಪ್ಪಿಕೊಂಡಾಳ, ಈಗ ಪುಣೇಕ್ಕ ಓಡಿ ಹೋಗಾಕ ಹತ್ಯಾಳ, ಅಂತ.’

‘ಪೊಲೀಸರು ಏನಂತಾರ?’

‘ಅರ್ಜಿ ಇತ್ಯರ್ಥ ಆಗೂತನಕ ಆಕಿ ಕಾಗದದಾಗ ವಿಚಾರಣಿ ನಡದೈತಿ ಅಂತನ ಬರೀಬೇಕಾಕ್ಕತಿ ಅಂತಾರ. ಹಂಗ ಬರದ ಕಾಗದ ತಗೊಂಡು ಪುಣ್ಯಾಗ ಯಾರು ಒಳಗ ಬಿಟ್ಟಕೋತಾರ್ರಿ? ನಾಳಿ ವಿಚಾರಣಿಗೆ ಬರತಾರ. ಪಂಚರು ಬೇಕಂತ. ನೀವ ಬರಬೇಕು.’ ಕಲಶದ ಬ್ಲಾಕಿನ ಕಡೆ ನೋಡಿ ಹೇಳಿದ, ‘ಕೊಡಾ ಹಾಕಿದವರೂ ನೀವ.’

ಬರುತ್ತೇನೆ ಎಂದೆ.

ವಿಚಾರಣೆಗೆ ಬಂದವರು ಎ.ಎಸ್.ಐ. ಹನುಮಪ್ಪ. ಮೂವತ್ತು ವರ್ಷದ ಸರ್ವೀಸು. ಬೆಳಿಗ್ಗೆ ಹತ್ತಕ್ಕೆ ಬಂದು, ಸಂಗಪ್ಪನ ಅಂಗಳದಲ್ಲಿ ಹಗೇವಿನ ಪಕ್ಕ ಕುರ್ಚಿ ಹಾಕಿಸಿಕೊಂಡು, ತೊಡೆಯ ಮೇಲೆ ರಟ್ಟು ಇಟ್ಟು ಕಾಗದ ಸಿಕ್ಕಿಸಿದರು. ನಾನೂ ಗಂಗಪ್ಪನೂ ಪಂಚರು, ಅಂದರೆ ಸಾಕ್ಷಿಗಳು. ಶಂಕರೆಪ್ಪ ನಡುಗೋಡೆಯ ಆ ಕಡೆ, ತನ್ನ ಜಾಗದಲ್ಲೇ ನಿಂತು, ಕುತ್ತಿಗೆ ಮಾತ್ರ ಈ ಕಡೆ ಇಟ್ಟಿದ್ದ. ಶೈಲಜಾಳ ತಾಯಿ ಸತ್ಯವ್ವ ಎಲ್ಲರಿಗೂ ಚಹಾ ಕೊಟ್ಟಳು. ಗೋಡೆಯ ಮೇಲೂ ಒಂದು ಕಪ್ಪು ಇಟ್ಟಳು.

‘ಭಾವನವರಿಗೆ ಚಹಾ. ಅದರಾಗ ಸಕ್ಕರಿ ಐತಿ, ಕಾಣೂದಿಲ್ಲ. ಅದಕ್ಕೂ ಅರ್ಜಿ ಕೊಡಬ್ಯಾಡ್ರಿ ಅಂತ ಹೇಳ್ರಿ,’ ಎಂದು ನನಗೆ ಹೇಳಿದಳು. ಶಂಕರೆಪ್ಪ ಚಹಾ ಕುಡಿದ.

ಮೊದಲು ಹಗೇವು ತೆಗೆಸಿದರು. ಕಲ್ಲು ಸರಿಸಿ, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಅರ್ಧ ತಾಸು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟರು. ಕಂದೀಲು ಆರಲಿಲ್ಲ. ನಾವು ಒಬ್ಬೊಬ್ಬರಾಗಿ ಬಗ್ಗಿ ನೋಡಿದೆವು. ತಳದಲ್ಲಿ ಸ್ವಲ್ಪ ಕರಿ ಬಿದ್ದ ಹೊಟ್ಟು, ಒಂದು ಮುರಿದ ಬುಟ್ಟಿ.

ಹನುಮಪ್ಪ ಬರೆದುಕೊಳ್ಳುತ್ತ ಹೇಳಿದರು, ‘ಹಗೇವು ಖಾಲಿ. ಏನೂ ಕಾಣಿಸಲಿಲ್ಲ. ಆತು?’

‘ಹೆಂಗ ಆತ್ರಿ?’ ಎಂದ ಗೋಡೆಯ ಮೇಲಿನ ತಲೆ. ‘ಕಾಣೂದಿಲ್ಲ ಅಂತ ಆಕಿನ ಹೇಳ್ಯಾಳ. ಈಗ ಕಾಣಲಿಲ್ಲ ಅಂದಮ್ಯಾಲ ಆಕಿ ಹೇಳಿದ್ದು ಖರೇ ಆತಲ್ಲ?’

ಹನುಮಪ್ಪ ಪೆನ್ನು ನಿಲ್ಲಿಸಿದರು. ಮೂವತ್ತು ವರ್ಷಗಳಲ್ಲಿ ಅವರಿಗೆ ಇಂಥ ಸಾಕ್ಷಿ ಸಿಕ್ಕಿರಲಿಲ್ಲ. ಗಂಗಪ್ಪ ಮಾತ್ರ, ‘ಮಾತು ಸರೀನ ಐತಿ’ ಎಂದ.

‘ತಂಗೀ, ನೀನ ಬಾ ಇಲ್ಲೆ,’ ಎಂದು ಹನುಮಪ್ಪ ಶೈಲಜಾಳನ್ನು ಕರೆದರು. ‘ನಾ ಹೇಳಿದ್ದ ಒಂದ ಸಾಲ ಬರದ ಕೊಡು, ಕೆಲಸ ಮುಗೀತು. ಸದರಿ ಹಗೇವಿನಲ್ಲಿ ಯಾವುದೇ ದ್ರವ್ಯ ಇರುವುದಿಲ್ಲ. ಕೆಳಗ ಸಹಿ. ಸಂಜೀಕ ನಿನ್ನ ಕಾಗದ ತಯಾರ.’

ಶೈಲಜಾ ಪೆನ್ನು ತೆಗೆದುಕೊಂಡಳು. ಆಮೇಲೆ ಕೆಳಗಿಟ್ಟಳು.

‘ಹಂಗ ಬರಿಯಾಕ ಆಗೂದಿಲ್ರಿ ಸರ್.’

‘ಯಾಕ?’

‘ಐತಲ್ರಿ.’

ಸಂಗಪ್ಪ ಹಗೇವಿನ ಕಲ್ಲಿನ ಮೇಲೆ ಕುಳಿತುಬಿಟ್ಟ. ‘ಯವ್ವಾ, ಇಲ್ಲ ಅಂತ ಬರದ ಒಗಿಯವಾ. ಬರದ್ರ ಅದೇನ ಎದ್ದು ಹೋಗತೈತೇನು? ಎಲ್ಲೈತೋ ಅಲ್ಲೇ ಇರ್ಲಿ.’

‘ಅಪ್ಪಾ, ಐತಿ ಅಂತ ಹುಡುಕಾಕನ ನಾ ಅಲ್ಲಿಗೆ ಹೊಂಟೇನಿ. ಇಲ್ಲ ಅಂತ ಸಹಿ ಮಾಡಿ, ಅದ ಕಾಗದ ತಗೊಂಡು ಹೋಗಿ ಹುಡುಕಾಕ ಕುಂದ್ರಲೇನು?’

ನಾನು ಆ ಹುಡುಗಿಯನ್ನು ಸಣ್ಣವಳಿದ್ದಾಗಿನಿಂದ ನೋಡಿದ್ದೆ. ಹಟಮಾರಿ ಅಲ್ಲ. ಲೆಕ್ಕ ತಪ್ಪಿದರೆ ಮಾತ್ರ ಅವಳಿಗೆ ನಿದ್ದೆ ಬರುತ್ತಿರಲಿಲ್ಲ.

ಹನುಮಪ್ಪ ಸಮಾಧಾನದಿಂದ ಕೇಳಿದರು, ‘ಖಾತ್ರಿ ಐತೇನು ನಿನಗ? ನೂರಕ್ಕ ನೂರು?’

‘ನೂರಕ್ಕ ನೂರು ಯಾರಿಗೂ ಖಾತ್ರಿ ಇಲ್ರಿ. ಇನ್ನೊಂದ ವಿಚಾರನೂ ಐತಿ. ಕಾಣದ ದ್ರವ್ಯ ಅನ್ನೂದ ಇರಲಿಕ್ಕಿಲ್ಲ. ಒಂದ ವಸ್ತು ಇನ್ನೊಂದ ವಸ್ತುನ್ನ ಎಳಿಯೂ ನಿಯಮ ನಮಗ ಗೊತ್ತೈತಲ್ಲ, ಬಾಳ ದೂರ ಹೋದಾಗ ಆ ನಿಯಮನ ಬ್ಯಾರೆ ಇರಬಹುದು. ಕೆಲವರು ಹಂಗೂ ಅಂತಾರ. ಎರಡರಾಗ ಯಾವುದ ಖರೇ ಅನ್ನೂದು ಇನ್ನೂ ಗೊತ್ತಾಗಿಲ್ಲ.’

ಹನುಮಪ್ಪನವರ ಕಣ್ಣು ಚುರುಕಾಯಿತು. ‘ಅಂದ್ರ ನಿಯಮದ ಉಲ್ಲಂಘನಾ ಆಗೇತಿ ಅಂತೀ?’

‘ಆಗಿರಬಹುದ್ರಿ.’

‘ಯಾರು ಮಾಡ್ಯಾರ?’

‘ನಕ್ಷತ್ರಗೋಳು.’

‘ಎಷ್ಟ ದೂರ?’

‘ಬೆಳಕು ಅಲ್ಲಿಂದ ಇಲ್ಲಿ ಬಂದು ಮುಟ್ಟಾಕ ಸಾವಿರಾರು ವರ್ಷ ಬೇಕ್ರಿ.’

‘ಅದು ನಮ್ಮ ಹದ್ದಿಗೆ ಬರೂದಿಲ್ಲ,’ ಎಂದು ಹನುಮಪ್ಪ ಆ ಪ್ರಶ್ನೆಯನ್ನು ಅಲ್ಲಿಗೆ ಮುಗಿಸಿದರು. ‘ಹಗೇವು ಬರತೈತಿ. ಹಗೇವಿನ್ಯಾಗ ಐತಿ ಅಂತ ನೀ ಅಂದ್ರ, ಸಿಕ್ಕ ದ್ರವ್ಯ ಸರಕಾರಕ್ಕ ತಿಳಸಲಿಲ್ಲ ಅಂತ ಆಕ್ಕತಿ. ಇಲ್ಲ ಅಂದ್ರ ಅರ್ಜಿ ಮುಗೀತೈತಿ. ನಡುವ ಏನೂ ಇಲ್ಲ ತಂಗೀ. ಇವತ್ತು ಇಪ್ಪತ್ತೇಳು.’

ಸತ್ಯವ್ವ ಬಾಗಿಲಲ್ಲಿ ನಿಂತು ಮಗಳನ್ನೇ ನೋಡುತ್ತಿದ್ದಳು. ಒಳಗೆ ಪುಣೆಗೆ ಹೊರಟ ಎರಡು ಬ್ಯಾಗು ಆಗಲೇ ತುಂಬಿ ನಿಂತಿದ್ದವು. ಒಂದರ ಬಾಯಿಯಿಂದ ಕಟಕ ರೊಟ್ಟಿಯ ಬಟ್ಟೆಗಂಟು ಇಣುಕುತ್ತಿತ್ತು.

ನಡುವೆ ಏನೂ ಇಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಯಾವಾಗಲೂ ಸ್ವಲ್ಪ ಸಂಶಯ. ಹಿಂದೊಮ್ಮೆ ಸಂಪಗಾಂವದ ಹತ್ತಿರ ಒಬ್ಬನಿಗೆ ನೇಗಿಲ ಸಾಲಿನಲ್ಲಿ ನಾಲ್ಕು ತಾಮ್ರದ ದುಡ್ಡು ಸಿಕ್ಕಿದ್ದವು. ಹೆದರಿ ನನ್ನ ಹತ್ತಿರ ಅರ್ಜಿ ಬರೆಸಲು ಬಂದಿದ್ದ. ಆಗ ವಕೀಲರೊಬ್ಬರು ಒಂದು ಅಂಕಿ ಹೇಳಿದ್ದರು.

‘ಸಾಹೇಬ್ರ,’ ಎಂದೆ, ‘ದ್ರವ್ಯ ಸಿಕ್ಕರ ತಿಳಸಬೇಕನ್ನೋ ಕಾಯ್ದೆ, ಎಷ್ಟು ಬೆಲಿ ಮ್ಯಾಲಿಂದಕ್ಕ ಹತ್ತತದ?’

‘ಹತ್ತು ರೂಪಾಯಿ. ಬ್ರಿಟಿಷರ ಕಾಲದ್ದು. ಅದಕ್ಕಿಂತ ಹೆಚ್ಚಿಗಿದ್ರ ಕಲೆಕ್ಟರಿಗೆ ತಿಳಸಬೇಕು.’

‘ಕಡಿಮಿ ಇದ್ರ?’

‘ಕಡಿಮಿ ಇದ್ರ...’ ಹನುಮಪ್ಪ ನನ್ನ ಮುಖ ನೋಡಿದರು. ‘ಕಡಿಮಿ ಇದ್ರ ಕಾಯ್ದೆಕ್ಕ ಸಂಬಂಧ ಇಲ್ಲ.’

ನಾನು ಶೈಲಜಾಳ ಕಡೆ ತಿರುಗಿದೆ. ‘ತಂಗೀ, ಐತಿ ಐತಿ ಅಂತೀಯಲ್ಲ, ಈ ಹಗೇವಿನ್ಯಾಗ ತೂಕಾ ಎಷ್ಟದ ಹೇಳಲಿಕ್ಕೆ ಬರತದೇನು?’

ಅವಳು ತಟ್ಟನೆ ನನ್ನ ಕಡೆ ತಿರುಗಿದಳು. ಅದುವರೆಗೆ ಕರಿಮಡ್ಡಿಯಲ್ಲಿ ಅವಳಿಗೆ ಯಾರೂ ಲೆಕ್ಕ ಮಾಡಿ ಹೇಳಬೇಕಾದ ಪ್ರಶ್ನೆ ಕೇಳಿರಲಿಲ್ಲ.

‘ಬರತೈತಿ ಕಾಕಾ. ಅಂದಾಜು. ಎರಡ ಪಟ್ಟು ಹೆಚ್ಚುಕಡಿಮಿ ಆಗಬಹುದು.’

‘ನಡೀತದ.’

ಸಂಗಪ್ಪ ಹಗ್ಗ ಇಳಿಬಿಟ್ಟು ಮೊಳ ಹಾಕಿದ. ಹಗೇವಿನ ಆಳ ಹತ್ತು ಅಡಿ, ಅಗಲ ಎಂಟು. ಶೈಲಜಾ ಪಡಸಾಲೆಯ ಮೆಟ್ಟಿಲ ಮೇಲೆ ಕುಳಿತು ವಹಿಯಲ್ಲಿ ಲೆಕ್ಕ ಮಾಡತೊಡಗಿದಳು. ಶಂಕರೆಪ್ಪ ಗೋಡೆಗೆ ಒರಗಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ.

‘ಇಡೀ ಭೂಮಿ ಒಳಗ ಒಂದ ಹೊತ್ತಿನ್ಯಾಗ ಇರೂದು ಅರ್ಧಾ ಕಿಲೋ ಆಸುಪಾಸು,’ ಎಂದಳು ಅವಳು.

‘ಇಡೀ ಭೂಮಿಯಾಗ ಅರ್ಧಾ ಕಿಲೋ!’ ಶಂಕರೆಪ್ಪ ಗೋಡೆಯ ಮೇಲಿಂದಲೇ ಸಿಡಿದ. ‘ಮತ್ತ ಅವತ್ತ ಐದಾರ ಪಟ್ಟ ಅಂದಿ?’

‘ದೊಡ್ಡಪ್ಪಾ, ಬಿತ್ತಿದ್ದು ತೆಳ್ಳಗ, ಹೊಲ ದೊಡ್ಡದು. ಚುಕ್ಕಿ ಚುಕ್ಕಿ ನಡುವಿನ ಖಾಲಿ ಜಾಗಾ ಎಷ್ಟೈತೋ ಅಷ್ಟೂ ತುಂಬೇತಿ. ಕೂಡಿಸಿದ್ರ ಹೆಚ್ಚಾಕ್ಕತಿ. ಒಂದ ಕಡೆ ನೋಡಿದ್ರ ಏನೂ ಇಲ್ಲ.’

ಶಂಕರೆಪ್ಪ ಇದನ್ನು ಒಪ್ಪಿದ. ಅವನ ಆರು ಎಕರೆ ಬರಡು ಮಡ್ಡಿಯಲ್ಲಿ ಜೋಳ ಹಾಗೇ ಏಳುತ್ತಿತ್ತು.

‘ಹಗೇವಿನ್ಯಾಗಿಂದ ಹೇಳು,’ ಎಂದರು ಹನುಮಪ್ಪ.

‘ಒಂದ ಜೋಳದ ಕಾಳು ತಗೊಂಡು ನಾಲ್ಕ ಸಾವಿರ ಲಕ್ಷ ಕೋಟಿ ಹೋಳ ಮಾಡಬೇಕ್ರಿ. ಅದರಾಗಿಂದು ಒಂದ ಹೋಳು.’

ಅಂಗಳದಲ್ಲಿ ಎಲ್ಲರೂ ಮನಸ್ಸಿನಲ್ಲೇ ಆ ಕಾಳನ್ನು ಒಡೆಯತೊಡಗಿದರು. ಕೊನೆಗೆ ಗಂಗಪ್ಪ, ‘ಹಂಗಿದ್ರ ಚೀಲ ಒಯ್ಯೂ ಕಾರಣ ಇಲ್ಲ’ ಎಂದ.

ಹನುಮಪ್ಪ ಆಗಲೇ ಬರೆಯತೊಡಗಿದ್ದರು. ಬರೆದು ಓದಿದರು: ‘ಸದರಿ ಹಗೇವಿನಲ್ಲಿ ಇರುವ ಕಾಣದ ದ್ರವ್ಯವು ಒಂದು ಜೋಳದ ಕಾಳಿನ ನಾಲ್ಕು ಸಾವಿರ ಲಕ್ಷ ಕೋಟಿ ಭಾಗಗಳಲ್ಲಿ ಒಂದು ಭಾಗವಾಗಿದ್ದು, ಸದರಿಯದನ್ನು ಶುದ್ಧ ಬಂಗಾರವೆಂದು ಹಿಡಿದರೂ ಅದರ ಬೆಲೆ ಹತ್ತು ರೂಪಾಯಿ ಮೀರುವುದಿಲ್ಲವಾದ್ದರಿಂದ ಯಾವುದೇ ಕ್ರಮದ ಅಗತ್ಯ ಕಂಡುಬರುವುದಿಲ್ಲ.’

‘ಸರ್, ಇರುವ ಅಲ್ರಿ,’ ಎಂದಳು ಶೈಲಜಾ. ‘ಇರಬಹುದಾದ.’

‘ಇರಬಹುದಾದ,’ ಎಂದು ಹನುಮಪ್ಪ ತಿದ್ದಿ, ಪಕ್ಕದಲ್ಲಿ ಸಣ್ಣ ಸಹಿ ಹಾಕಿದರು. ‘ಈಗ ಸಹಿ ಮಾಡಾಕ ಅಡ್ಡಿ ಇಲ್ಲಲ್ಲ?’

‘ಇಲ್ರಿ.’ ಸಹಿ ಮಾಡಿದಳು. ನಾವಿಬ್ಬರು ಪಂಚರೂ ಮಾಡಿದೆವು. ಗಂಗಪ್ಪ ಹೆಬ್ಬೆಟ್ಟು ಒತ್ತುವ ಮೊದಲು ಎರಡು ಬಾರಿ ಓದಿಸಿಕೊಂಡ.

‘ಶಂಕರೆಪ್ಪಾ, ನಿಂದೂ ಒಂದ ಸಹಿ ಬೇಕು. ಅರ್ಜಿ ಹಿಂದಕ್ಕ ತಗೊಂಡೇನಿ ಅಂತ,’ ಎಂದರು ಹನುಮಪ್ಪ. ‘ಅದು ಆಗಲಿಲ್ಲಂದ್ರ ಇದೆಲ್ಲಾ ಬರದದ್ದು ಬರದಂಗ ಉಳೀತೈತಿ.’

ಶಂಕರೆಪ್ಪ ಕಪ್ಪು ಗೋಡೆಯ ಮೇಲಿಟ್ಟ. ‘ಅಷ್ಟ ಇದ್ದದ್ದರಾಗ ಅರ್ಧಾ ನಂದು.’

‘ಏನಂದಿ?’

‘ಹಿರ್‍ಯಾರ ಹಗೇವು. ಎಷ್ಟರ ಇರವಲ್ದ್ಯಾಕ, ಅರ್ಧಾ ನಂದು. ಹಂಗಂತ ಬರದ ಕೊಟ್ರ ಸಹಿ ಮಾಡತೇನಿ.’

ಸಂಗಪ್ಪ ಎದ್ದು ನಿಂತ. ಅವನ ಮುಖ ಕೆಂಪಾಗಿತ್ತು. ಚೀಟಿ ಎತ್ತಿದ್ದು, ಐದು ಜನ ಹಿರಿಯರು ಕೂತದ್ದು, ಬಾವಿ ಯಾರಿಗೆ ಹೋಯಿತು ಎಂಬುದು, ಎಲ್ಲ ಬಾಯಿಗೆ ಬಂದಿತ್ತು. ನಾನು ಅವನ ಧೋತರದ ಅಂಚು ಹಿಡಿದು ಮೆಲ್ಲಗೆ ಎಳೆದೆ.

‘ಸಂಗಪ್ಪಾ, ಅವನು ಜೋಳದ ಕಾಳಿನ ಹೋಳಿನ ಅರ್ಧ ಕೇಳ್ಯಾನ. ಹಗೇವು ಕೇಳಿಲ್ಲ.’

‘ಕೇಳಿದ್ದ ತಪ್ಪಲ್ಲೇನ್ರಿ...’

‘ಕೇಳಲಿ. ಹದಿನೈದು ವರ್ಷ ಆತು, ಇವತ್ತ ಬಾಯಿ ಬಿಟ್ಟು ಕೇಳ್ಯಾನ.’

ಸಂಗಪ್ಪ ಮಗಳನ್ನು ನೋಡಿದ. ಬ್ಯಾಗುಗಳನ್ನು ನೋಡಿದ. ‘ಬರದ ಕೊಡವಾ,’ ಎಂದು ಒಳಗೆ ಹೋದ.

ಶೈಲಜಾ ವಹಿಯ ಒಂದು ಹಾಳೆ ಹರಿದು, ನೆಟ್ಟಗಿನ ಅಕ್ಷರದಲ್ಲಿ ಬರೆದಳು. ನಮ್ಮ ಮನೆಯ ಹಗೇವಿನಲ್ಲಿ ಇರಬಹುದಾದ ಕಾಣದ ದ್ರವ್ಯದಲ್ಲಿ ಅರ್ಧ ಪಾಲು, ಅಂದರೆ ಒಂದು ಜೋಳದ ಕಾಳಿನ ಎಂಟು ಸಾವಿರ ಲಕ್ಷ ಕೋಟಿ ಭಾಗಗಳಲ್ಲಿ ಒಂದು ಭಾಗ, ನಮ್ಮ ದೊಡ್ಡಪ್ಪನವರಾದ ಶಂಕರೆಪ್ಪ ಇವರಿಗೆ ಸೇರಿದ್ದು. ಕೆಳಗೆ, ಅದು ಒಂದೇ ಕಡೆ ನಿಲ್ಲುವುದಿಲ್ಲವಾದ್ದರಿಂದ ಹೋದಷ್ಟು ಬರುತ್ತಿರುತ್ತದೆ, ಪಾಲು ಕಡಿಮೆಯಾಗುವುದಿಲ್ಲ ಎಂದೂ ಸೇರಿಸಿದಳು. ಅದನ್ನು ಯಾರೂ ಕೇಳಿರಲಿಲ್ಲ.

ಶಂಕರೆಪ್ಪ ಗೋಡೆ ಬಿಟ್ಟು, ತನ್ನ ಬಾಗಿಲಿನಿಂದ ಹೊರಬಂದು, ಓಣಿ ಸುತ್ತಿ, ಸಂಗಪ್ಪನ ಬಾಗಿಲಿನಿಂದ ಒಳಗೆ ಬಂದ. ಹಾಳೆಯನ್ನು ಓದಿದ. ಕೊನೆಯ ಸಾಲನ್ನು ಇನ್ನೊಮ್ಮೆ ಓದಿದ. ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಕಿಸೆಯಲ್ಲಿಟ್ಟು, ಅರ್ಜಿಯ ಮೇಲೆ ಸಹಿ ಹಾಕಿದ. ಹಗೇವಿನ ಮುಚ್ಚಳ ಮುಚ್ಚುವಾಗ ಕಲ್ಲಿನ ಒಂದು ಬದಿಗೆ ಅವನೂ ಕೈ ಹಾಕಿದ.

ಕಾಗದ ಸಂಜೆ ಬರಲಿಲ್ಲ. ಇಪ್ಪತ್ತೊಂಬತ್ತಕ್ಕೆ ಬಂತು. ಯಾವ ದೂರೂ ಬಾಕಿ ಇಲ್ಲ ಎಂದಿತ್ತು.

ಮೂವತ್ತೊಂದರಂದು ಬೆಳಿಗ್ಗೆ ಅವರು ಬೈಲಹೊಂಗಲದ ಬಸ್ ಸ್ಟ್ಯಾಂಡಿಗೆ ಬಂದರು. ಬೆಳಗಾವಿಗೆ ಹೋಗಿ ಅಲ್ಲಿಂದ ಪುಣೆಯ ಬಸ್ಸು ಹಿಡಿಯುವುದಿತ್ತು. ಅಚ್ಚುಕೂಟ ತೆರೆಯುವ ಮೊದಲು ನಾನೂ ಹೋದೆ. ಒಂದು ಬ್ಯಾಗು ಸಂಗಪ್ಪನ ಕೈಯಲ್ಲಿತ್ತು, ಇನ್ನೊಂದು ಶಂಕರೆಪ್ಪನ ಹೆಗಲ ಮೇಲೆ. ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಮಾತನಾಡುತ್ತಿರಲಿಲ್ಲ. ಇಬ್ಬರೂ ಕಂಡಕ್ಟರನ ಜೊತೆ ಮಾತ್ರ ಮಾತನಾಡುತ್ತಿದ್ದರು, ಅದೂ ಒಂದೇ ಮಾತು: ಹುಡುಗಿಗೆ ಕಿಡಕಿಯ ಹತ್ತಿರದ ಸೀಟು ಬೇಕು.

ಸೀಟು ಸಿಕ್ಕಿತು. ಸಂಗಪ್ಪ ಬ್ಯಾಗು ಒಳಗಿಟ್ಟು ಇಳಿದು ಬಂದ. ಶಂಕರೆಪ್ಪ ಕಿಡಕಿಯ ಸರಳು ಹಿಡಿದು ನಿಂತ.

‘ಶೈಲಾ, ಅದನ್ನ ಹುಡುಕಾಕ ಎಷ್ಟ ವರ್ಷ ಹಿಡೀತೈತಿ?’

‘ಗೊತ್ತಿಲ್ಲ ದೊಡ್ಡಪ್ಪಾ. ನನ್ನ ಜನ್ಮದಾಗ ಸಿಗದ ಇರಬಹುದು.’

‘ಎಪ್ಪತ್ತು ವರ್ಷ ಹುಡಿಕ್ಯಾರ ಅಂದಿ?’

‘ಹೂಂ.’

ಬಸ್ಸು ಶುರುವಾಯಿತು. ಶಂಕರೆಪ್ಪ ಸರಳು ಬಿಡಲಿಲ್ಲ.

‘ಹಂಗಿದ್ರ ಹೋದ ಕೂಡಲೇ, ಅವರು ಎಲ್ಲೆಲ್ಲಿ ಹುಡಿಕ್ಯಾರ ಅನ್ನೂದನ್ನ ಮೊದಲ ಕೇಳಿ ಬರಕೋ. ಅಲ್ಲಿ ಮತ್ತ ಹುಡಕಬ್ಯಾಡ.’

ಅವಳು ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ. ಮಡಿಲಲ್ಲಿದ್ದ ವಹಿ ತೆರೆದು, ಬಸ್ಸು ಅಲುಗಾಡುತ್ತಿದ್ದಂತೆಯೇ ಅದನ್ನು ಬರೆದುಕೊಂಡಳು.